ಮೂರನೇ ಡಬ್ಬಿಗೆ ನಿಂತ ಸುತ್ತಿಗೆ

ಇಳಕಲ್ಲಿನಲ್ಲಿ ಈ ಪ್ರವಾಸದ ಕತೆ ಎಲ್ಲರಿಗೂ ಗೊತ್ತು. ಚಹಾದಂಗಡಿಯಲ್ಲಿ ಹೇಳುತ್ತಾರೆ, ಮಗ್ಗದ ಮನೆಗಳಲ್ಲಿ ಹೇಳುತ್ತಾರೆ. ಆ ಕತೆಯಲ್ಲಿ ಪರದೇಶದ ರೈಲೊಂದು ಹಳಿ ತಪ್ಪಿ ಉರುಳುತ್ತದೆ. ನೇಕಾರರ ಸಂಘದ ಸೆಕ್ರೆಟರಿ ಒಬ್ಬ ನೇಕಾರನ ಕೈ ಹಿಡಿದು ಎಳೆದು ಜೀವ ಉಳಿಸುತ್ತಾನೆ. ಆ ಸೆಕ್ರೆಟರಿ ನಾನು. ಕೈ ಹಿಡಿದು ಎಳೆದದ್ದು ನಿಜ. ಉಳಿದದ್ದನ್ನು ಮೂರು ವರ್ಷ ನಾನು ಯಾರಿಗೂ ಹೇಳಲಿಲ್ಲ.

ಹೋದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯುರೋಪಿನ ಪೂರ್ವದಲ್ಲಿ, ಗುಡ್ಡಗಳ ನಡುವಿನ ಸಣ್ಣ ದೇಶ ಎಂದರೆ ಸಾಕು. ಅಲ್ಲಿಯ ಜನ ನಮ್ಮನ್ನು ಚೆನ್ನಾಗಿ ನೋಡಿಕೊಂಡರು. ಅವರ ಮೇಲೆ ತಪ್ಪು ಹೊರಿಸಿ ಹಗುರಾಗಲು ನಾನು ಇದನ್ನು ಬರೆಯುತ್ತಿಲ್ಲ.

ಬಾಗಲಕೋಟೆ

ನನ್ನ ಊರು ಹುನಗುಂದ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವನಿಗೆ ಇಳಕಲ್ಲಿನ ನೇಕಾರರ ಸಂಘದಲ್ಲಿ ಕೆಲಸ ಸಿಕ್ಕಿತ್ತು. ಪರದೇಶದ ಒಂದು ಕೈಮಗ್ಗದ ಪ್ರದರ್ಶನಕ್ಕೆ ನಮ್ಮ ಕಡೆಯ ಒಬ್ಬ ನೇಕಾರನನ್ನು ಕಳಿಸಬೇಕೆಂದು ಬೆಂಗಳೂರಿನಿಂದ ಕಾಗದ ಬಂತು. ಸಂಗಪ್ಪ ಕಾಕಾನ ಹೆಸರು ಬಿಟ್ಟು ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ. ಅವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಹೀಗಾಗಿ ಇಂಗ್ಲಿಷ್ ಬಲ್ಲ ನಾನು ಅವನ ಬಾಯಿಯಾಗಿ ಹೊರಟೆ.

ಅವನ ಕಿವಿಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಕಾಕಾ ಹೊರಗೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಾನೆ, ಒಳಗೆ ತಮ್ಮ ನೇಯುತ್ತಿರುತ್ತಾನೆ. ನಡುವೆ ಒಮ್ಮೆಲೇ ಕಾಕಾ ಕೂಗುತ್ತಾನೆ: “ಲೇ, ಎಡಗಡೆ ಎಳಿ ಹರದೈತಿ ನೋಡು.” ನೋಡಿದರೆ ಹರಿದಿರುತ್ತದೆ. ಲಾಳಿ ಓಡುವ ಸಪ್ಪಳದಲ್ಲಿ ಒಂದು ಎಳೆ ಕಡಿಮೆಯಾದದ್ದು ಅವನಿಗೆ ಕೇಳಿಸುತ್ತದೆ. ಇದನ್ನು ನಾನು ಹತ್ತಾರು ಸಲ ಕಣ್ಣಾರೆ ಕಂಡಿದ್ದೆ.

ಬಾಗಲಕೋಟೆಯಲ್ಲಿ ಗಾಡಿ ಹತ್ತಿದೆವು. ನಮ್ಮ ಕಡೆ ಇನ್ನೂ ಮೀಟರ್‌ಗೇಜು, ಕಲ್ಲಿದ್ದಲ ಎಂಜಿನ್ನು. ಹೊರಟು ಒಂದು ಹರದಾರಿಯೂ ಆಗಿರಲಿಲ್ಲ, ಯಾರೋ ಸರಪಳಿ ಜಗ್ಗಿದರು. ಗಾಡಿ ಕಿರುಗುಟ್ಟಿ ನಿಂತಿತು. ಗಾರ್ಡು ಉರಿಯುತ್ತ ಬಂದ.

“ಯಾರ್ರೀ ಅದು ಜಗ್ಗಿದವರು?”

ನಮ್ಮ ಡಬ್ಬಿಯಲ್ಲಿದ್ದ ಮದುವೆ ದಿಬ್ಬಣದ ಮುದುಕ ಎದ್ದು ನಿಂತ. “ನಾನ ಜಗ್ಗೀನ್ರಿ. ಮದಿಮಗಳ ಸೋದರಮಾವ ಚಾ ಕುಡ್ಯಾಕ ಇಳದಾಂವ ಹಿಂದ ಉಳದಾನ. ಅಂವಾ ಇಲ್ಲದ ಅಕ್ಕಿಕಾಳು ಹೆಂಗ ಬೀಳತಾವ?”

“ಹಂಗಾರ ನಿಮ್ಮ ಸೋದರಮಾವಗ ನಾ ಗಾಡಿ ಹಿಂದಕ ಒಯ್ಯಲೇನು?”

“ಹಿಂದಕ ಯಾಕ್ರಿ, ಚೂರು ತಡೀರಿ ಸಾಕು. ಅಗಾ ನೋಡ್ರಿ, ಪಟಗಾ ಕೈಯಾಗ ಹಿಡದ ಓಡಾಕತ್ಯಾನ.”

ಡಬ್ಬಿಗೆ ಡಬ್ಬಿಯೇ ಕಿಟಕಿಗೆ ಬಂದು ಆ ಸೋದರಮಾವನನ್ನು ಹುರಿದುಂಬಿಸಿತು. ಕೊನೆಗೆ ಗಾರ್ಡೂ ನಕ್ಕ. ನನಗೆ ಮಾತ್ರ ಸಿಟ್ಟು ಬಂತು.

“ನೋಡ್ರಿ ಕಾಕಾ, ನಮ್ಮ ಮಂದಿ ಉದ್ಧಾರ ಆಗೂದುಲ್ಲ. ಆ ದೇಶದಾಗ ಹಿಂಗ ಯಾರೂ ಜಗ್ಗೂದುಲ್ಲ.”

“ಅಲ್ಲೆ ಸೋದರಮಾವ ಚಾ ಕುಡಿಯೂದುಲ್ಲೇನ್ರಿ ಸಾಹೇಬ್ರ?” ಎಂದ ಕಾಕಾ.

ಬಾದಾಮಿ

ಬಾದಾಮಿಯಲ್ಲಿ ಎದುರು ಗಾಡಿಗೆ ಕಾಯುತ್ತ ಬಹಳ ಹೊತ್ತು ನಿಂತೆವು. ಉದ್ದ ಹಿಡಿಕೆಯ ಸುತ್ತಿಗೆ ಹಿಡಿದ ರೈಲ್ವೆಯ ಕೆಲಸಗಾರನೊಬ್ಬ ಬಗ್ಗಿ ಬಗ್ಗಿ ಗಾಲಿಗಳನ್ನು ಬಡಿಯುತ್ತ ಬಂದ. ಟಣ್. ಎರಡು ಹೆಜ್ಜೆ. ಟಣ್. ನಾನು ಸಣ್ಣಂದಿನಿಂದ ಇದನ್ನು ನೋಡಿದ್ದೆ, ಯಾಕೆಂದು ಎಂದೂ ಕೇಳಿರಲಿಲ್ಲ. ಕಾಕಾ ಇಳಿದು ಅವನ ಬೆನ್ನು ಹತ್ತಿದ.

“ಏನ ಕೇಳತಿಯೋ ತಮ್ಮಾ ಅದರಾಗ?”

“ಸೀಳು ಬಿಟ್ಟಿದ್ರ ಟಣ್ ಅನ್ನೂದುಲ್ಲರಿ ಅಜ್ಜಾರ, ಬದ್ ಅಂತೈತಿ. ಒಡಕ ಗಡಿಗಿ ಬಡದಂಗ.”

“ಒಂದ ಬಿಟ್ರ?”

“ಒಂದ ಬಿಟ್ರ ಎಲ್ಲಾ ಬಿಟ್ಟಂಗರಿ.”

ಕಾಕಾ ಅವನ ಜೊತೆ ಕೊನೆಯ ಡಬ್ಬಿಯ ತನಕ ನಡೆದ. ಮರಳಿ ಬಂದು ಕೂತವನ ಮುಖದಲ್ಲಿ ತನ್ನ ಕುಲದವನನ್ನು ಕಂಡ ಸಂತೋಷವಿತ್ತು. “ಇಂವಾ ನಮ್ಮಂವ ಅದಾನ್ರಿ. ಕಣ್ಣ ಮುಚ್ಚಿ ಕಿವೀಲೆ ನೋಡ್ತಾನ” ಎಂದ.

ಬೆಂಗಳೂರಿನಲ್ಲಿ ದೊಡ್ಡ ಸಾಹೇಬರು ನಮ್ಮನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಉಗುಳಬಾರದು, ಜೋರಾಗಿ ಮಾತಾಡಬಾರದು, ಗೊತ್ತಿಲ್ಲದ್ದನ್ನು ಮುಟ್ಟಬಾರದು, ಅಲ್ಲಿ ನೀವು ಇಳಕಲ್ಲಿನವರಲ್ಲ, ದೇಶ. ಕಾಕಾ ಅರ್ಧ ಕೇಳಿದ. ನಾನು ಪೂರ್ತಿ ಕೇಳಿದೆ.

ಪ್ರದರ್ಶನದ ಊರು

ನಮ್ಮದು ಕುಣಿ ಮಗ್ಗ. ಕಾಲು ಇಳಿಬಿಡಲು ನೆಲದಲ್ಲಿ ಕುಣಿ ಬೇಕು. ಅಲ್ಲಿಯ ಪ್ರದರ್ಶನದ ಮನೆಗೆ ಕನ್ನಡಿಯಂಥ ಕಟ್ಟಿಗೆಯ ನೆಲ. “ಅಗಿಬ್ಯಾಡ್ರಿ ಅಂತಾರ, ನೇದ ತೋರಸ್ರಿ ಅಂತಾರ. ಕಾಲ ಎಲ್ಲಿ ಇಡ್ಲಿ, ಇವರ ತಲಿ ಮ್ಯಾಲೇನು?” ಎಂದ ಕಾಕಾ. ನಾನು ಅದನ್ನು ಇಂಗ್ಲಿಷಿಗೆ ತರುವಾಗ ತಲೆಯ ಮಾತನ್ನು ಬಿಟ್ಟೆ. ಅವರು ಹಲಗೆಯ ಅಟ್ಟ ಕಟ್ಟಿಕೊಟ್ಟರು. ಕಾಕಾ ಕೆಂಪು ಸೆರಗಿನ ಸೀರೆಯೊಂದನ್ನು ಹತ್ತು ದಿನ ನೇಯ್ದ.

ಹೀಗೆ ಬಿಡುವುದು ನನಗೆ ರೂಢಿಯಾಯಿತು. ಅವನ ಮಾತಿನ ಚೂಪು ತೆಗೆದು ಮೆತ್ತಗೆ ಮಾಡಿ ಅವರಿಗೆ ಕೊಡುತ್ತಿದ್ದೆ. ಅವರ ಮಾತಿಗೆ ಒಂದಿಷ್ಟು ಸಕ್ಕರೆ ಹಾಕಿ ಅವನಿಗೆ ಕೊಡುತ್ತಿದ್ದೆ. ಇಬ್ಬರೂ ನಗುತ್ತಿದ್ದರು. ನಾನು ಒಳ್ಳೆಯ ದುಭಾಷಿ ಎಂದು ನನಗೇ ಅನ್ನಿಸುತ್ತಿತ್ತು.

ಆ ಜನರಿಗೆ ಗಾಳಿಯ ಹೆದರಿಕೆ. ಬೇಸಿಗೆಯಲ್ಲಿ, ಬೆವರು ಇಳಿಯುವಾಗಲೂ ಕಿಟಕಿ ಮುಚ್ಚಿಕೊಂಡೇ ಕೂರುತ್ತಾರೆ. ಎರಡು ಕಡೆಯಿಂದ ಗಾಳಿ ಬಂದರೆ ಕುತ್ತಿಗೆ ಹಿಡಿಯುತ್ತದೆ, ಕಿವಿ ನೋಯುತ್ತದೆ ಎಂದು ನಂಬಿದ್ದಾರೆ. ಬಸ್ಸಿನಲ್ಲಿ ಕಾಕಾ ಕಿಟಕಿ ತೆರೆದರೆ ಹಿಂದಿನಿಂದ ಒಂದು ಕೈ ಬಂದು ಮುಚ್ಚುತ್ತಿತ್ತು. ಅವನು ಮತ್ತೆ ತೆರೆಯುತ್ತಿದ್ದ. “ನಮ್ಮೂರಾಗ ಗಾಳೀಗಿ ಕಟ್ಟೀ ಮ್ಯಾಲ ಮಲಗತೇವಿ, ಇವರು ಗಾಳಿ ಕಂಡ್ರ ಹುಲಿ ಕಂಡಂಗ ಮಾಡ್ತಾರ” ಎನ್ನುತ್ತಿದ್ದ.

ಜಂಕ್ಷನ್

ಪ್ರದರ್ಶನ ಮುಗಿದ ಮೇಲೆ ಗುಡ್ಡದ ಮೇಲಿನ ಒಂದು ಊರಿಗೆ ನಮ್ಮನ್ನು ಕಳಿಸಿದರು. ಅಲ್ಲಿ ಉಣ್ಣೆ ನೇಯುವವರಿದ್ದಾರೆ, ಸಂಗಪ್ಪನವರು ನೋಡಲಿ ಎಂದು. ಒಬ್ಬರು ರೈಲು ಹತ್ತಿಸಿದರು. ಆ ಕಡೆ ಇನ್ನೊಬ್ಬರು ಇಳಿಸಿಕೊಳ್ಳುವವರಿದ್ದರು. ನಡುವಿನ ಮೂರು ತಾಸು ನಾವಿಬ್ಬರೇ.

ನಮ್ಮದು ಕೊನೆಯ ಡಬ್ಬಿ, ಐದನೆಯದು. ಅದರಲ್ಲಿ ಸಣ್ಣ ಸಣ್ಣ ಕೋಣೆಗಳು, ಪಕ್ಕದಲ್ಲಿ ಓಣಿಯಂಥ ದಾರಿ, ದಾರಿಯ ಕೊನೆಗೆ ಬಾಗಿಲು. ಬಾಗಿಲಿನ ಹತ್ತಿರ ಗೋಡೆಗೆ ಒಂದು ಕೆಂಪು ಹಿಡಿಕೆ. ನಮ್ಮ ಸರಪಳಿಯ ಕೆಲಸ ಅಲ್ಲಿ ಆ ಹಿಡಿಕೆ ಮಾಡುತ್ತದೆ.

ನಮ್ಮ ಕೋಣೆಯಲ್ಲಿ ಒಬ್ಬ ಮುದುಕಿ ಇದ್ದಳು. ಕಾಲಬುಡದಲ್ಲಿ ಮುಚ್ಚಿದ ಬುಟ್ಟಿ. ಕಾಕಾ ಕಿಟಕಿ ತೆರೆದ, ಆಕೆ ಮುಚ್ಚಿದಳು. ಅವನು ಮತ್ತೆ ತೆರೆದ. ಆಕೆ ತನ್ನ ಕುತ್ತಿಗೆ ಮುಟ್ಟಿ ತೋರಿಸಿ, ನೋವೆಂದು ಮುಖ ಹಿಂಡಿ, ಮತ್ತೆ ಮುಚ್ಚಿದಳು. ಕಾಕಾ ಒಂದು ಗಳಿಗೆ ಯೋಚಿಸಿ ಚೀಲದಿಂದ ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ, ತೆಗೆದ. ಯಾರಿಗಾದರೂ ಕೊಡಲೆಂದು ಅವನ ಹೆಂಡತಿ ಗೌರವ್ವ ನಾಲ್ಕು ಇಟ್ಟಿದ್ದಳು, ಇದೊಂದು ಉಳಿದಿತ್ತು. ಹಸಿರು ಬಣ್ಣದ್ದು, ಕೆಂಪು ಅಂಚು. ಕುತ್ತಿಗೆಗೆ ಸುತ್ತಿಕೋ ಎಂದು ಕೈಸನ್ನೆ ಮಾಡಿದ. ಆಕೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಹಿಂದೆ ಮುಂದೆ ನೋಡಿದಳು, ಅಂಚನ್ನು ಉಗುರಿನಿಂದ ಸವರಿದಳು. ನೇಯ್ಗೆ ಬಲ್ಲವರು ನೋಡುವ ಹಾಗೆ. ಆಮೇಲೆ ಕುತ್ತಿಗೆಗೆ ಸುತ್ತಿಕೊಂಡು ತಾನೇ ಕಿಟಕಿ ತೆರೆದುಕೊಟ್ಟಳು. ಅಮೀನಗಡದ ಕರದಂಟು ಕೊಟ್ಟೆವು. ಹಲ್ಲಿಲ್ಲದ ಬಾಯಲ್ಲಿ ಅದನ್ನು ಅತ್ತಿತ್ತ ಹೊರಳಿಸುತ್ತ ಬಹಳ ಹೊತ್ತು ನಕ್ಕಳು.

ಜಂಕ್ಷನ್ನಿಗೆ ಗಾಡಿ ತಡವಾಗಿ ಬಂತು. ತೆರೆದ ಕಿಟಕಿಯಿಂದ ಕಾಕಾ ತಲೆ ಹೊರಗೆ ಹಾಕಿದ.

“ಇಲ್ಲೂ ಅದಾನ್ರಿ ನಮ್ಮಂವ!”

ನಿಜ. ಎಣ್ಣೆ ಹತ್ತಿದ ನೀಲಿ ಬಟ್ಟೆಯ ಒಬ್ಬಾತ ಎಂಜಿನ್ನಿನ ಕಡೆಯಿಂದ ಗಾಲಿ ಬಡಿಯುತ್ತ ಬರುತ್ತಿದ್ದ. ಟಣ್. ಟಣ್. ಮೂರನೇ ಡಬ್ಬಿ ಮುಗಿಯಿತು. ಅಷ್ಟರಲ್ಲಿ ಯಾರೋ ಕೂಗಿದರು, ಸೀಟಿ ಆಯಿತು. ಆತ ನೆಟ್ಟಗೆ ನಿಂತು, ಉಳಿದ ಎರಡು ಡಬ್ಬಿಗಳ ಕಡೆ ಒಮ್ಮೆ ನೋಡಿ, ಸುತ್ತಿಗೆ ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಗಾಡಿ ಬಿಟ್ಟಿತು.

“ಎರಡು ಡಬ್ಬಿ ಬಿಟ್ಟಾನ್ರಿ. ನಮ್ಮದೂ ಬಿಟ್ಟಾನ.”

“ಹಿಂದಿನ ಸ್ಟೇಷನ್ದಾಗ ನೋಡಿರತಾರ ಬಿಡ್ರಿ ಕಾಕಾ. ಇದೇನು ನಮ್ಮ ಬಾಗಲಕೋಟಿ ಪ್ಯಾಸೆಂಜರೇನು?”

ಬಾದಾಮಿಯ ಆ ಕೆಲಸಗಾರ ಕೊನೆಯ ಗಾಲಿಯ ತನಕ ಬಡಿದದ್ದನ್ನು ಕಾಕಾ ನೆನಪಿಸಲಿಲ್ಲ. ಕಿಟಕಿಗೆ ಕಿವಿ ಕೊಟ್ಟು ಕೂತ.

ಗುಡ್ಡದ ದಾರಿ

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಸಂಘದ ಕಾಗದಕ್ಕೆ ಸಹಿ ಹಾಕುವಾಗ.

ಕಾಕಾ ಹೇಳಿದ: “ಸಾಹೇಬ್ರ, ಕೇಳ್ರಿ. ಅದು ಹಳಿ ಜೋಡಿನ ಸಪ್ಪಳ, ಬ್ಯಾರೆ. ಅದರ ನಡುವ ಇನ್ನೊಂದು ಬರಾಕತ್ತೈತಿ. ನಮ್ಮ ಕಾಲ ಬುಡಕ. ಬದ್, ಬದ್ ಅಂತ. ಗಾಡಿ ಜೋರ ಆದಂಗ ಅದೂ ಜೋರ ಆಗತೈತಿ.”

ನನಗೆ ಏನೂ ಕೇಳಿಸಲಿಲ್ಲ ಎಂದು ಇಷ್ಟು ದಿನ ಹೇಳಿಕೊಂಡಿದ್ದೆ. ಕೇಳಿಸಿತ್ತು. ಕೂತ ಹಲಗೆಯ ಮೂಲಕ ಬೆನ್ನಿಗೆ ಬರುತ್ತಿತ್ತು.

ಅಷ್ಟರಲ್ಲಿ ಟೋಪಿ ಹಾಕಿದ ಕಂಡಕ್ಟರ್ ಟಿಕೀಟು ನೋಡಲು ಬಂದ. ನಡುವಯಸ್ಸಿನವನು, ದಪ್ಪ ಮೀಸೆ, ಕಣ್ಣಲ್ಲಿ ನಗು. ಅವನಿಗೆ ಚೂರುಪಾರು ಇಂಗ್ಲಿಷ್ ಬರುತ್ತಿತ್ತು. ಕಾಕಾ ಅವನ ತೋಳು ಹಿಡಿದು ನೆಲ ತೋರಿಸಿದ, ಕಿವಿ ತೋರಿಸಿದ, ಮುಷ್ಟಿಯಿಂದ ಹಲಗೆ ಬಡಿದು ತೋರಿಸಿದ.

“ಹೇಳ್ರಿ ಅವಗ. ಗಾಲಿ ಸೀಳೈತಿ, ಗಾಡಿ ನಿಂದರಸು ಅನ್ರಿ.”

ಕಂಡಕ್ಟರ್ ನನ್ನ ಕಡೆ ತಿರುಗಿ ಹುಬ್ಬು ಏರಿಸಿದ. ಏನಂತೆ?

ಪಕ್ಕದ ಕೋಣೆಯವರು ಇಣುಕುತ್ತಿದ್ದರು. ಕಾಕಾನ ಧೋತರ, ಪಟಕಾ, ದೊಡ್ಡ ದನಿ. ನನಗೆ ಬಾಗಲಕೋಟೆಯ ಆ ಮದುವೆ ದಿಬ್ಬಣ ನೆನಪಾಯಿತು. ದೊಡ್ಡ ಸಾಹೇಬರು ನೆನಪಾದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: “ಏನಿಲ್ಲ. ಇವರಿಗೆ ನಿಮ್ಮ ದೇಶದ ರೈಲು ಹೊಸದು, ಖುಷಿಯಾಗಿದ್ದಾರೆ.”

ಕಂಡಕ್ಟರ್ ಮನಸಾರೆ ನಕ್ಕ. ಕಾಕಾನ ಭುಜ ತಟ್ಟಿ ತನ್ನ ಭಾಷೆಯಲ್ಲಿ ಏನೋ ಅಂದು ಮುಂದೆ ಹೋದ.

“ಏನಂದನ್ರಿ ಅಂವಾ?”

“ಎಲ್ಲಾ ನೋಡೇವಿ, ಹೆದರಬ್ಯಾಡ್ರಿ ಅಂದ.”

ಕಾಕಾ ನಂಬಿದ. ಒಂದು ಐದು ನಿಮಿಷ ಸುಮ್ಮನೆ ಕೂತ. ನಡುವೆ ಮುದುಕಿ ಎದ್ದು ಬುಟ್ಟಿ ತೆಗೆದುಕೊಂಡಳು. ಅವಳ ಊರು ಹತ್ತಿರ ಬಂದಿತ್ತು. ನಮ್ಮಿಬ್ಬರ ತಲೆಯ ಮೇಲೆ ಕೈ ಆಡಿಸಿ, ಖಣ ಮರಳಿಸಲು ಬಿಚ್ಚತೊಡಗಿದಳು. ಕಾಕಾ ಬೇಡವೆಂದ. ಓಣಿಯ ಕೊನೆಯ ಬಾಗಿಲಿಗೆ ಹೋಗಿ ನಿಂತಳು. ಕಂಡಕ್ಟರ್ ಅವಳ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ಸಪ್ಪಳ ಬದಲಾಯಿತು. ಕಾಕಾ ಒಮ್ಮೆಲೇ ಎದ್ದ. “ಅಂವಾ ಏನರೆ ಅನ್ಲಿ, ನನ್ನ ಕಿವಿ ಸುಳ್ಳ ಹೇಳೂದುಲ್ಲ” ಎಂದು ಓಣಿಗೆ ಓಡಿ ಕೆಂಪು ಹಿಡಿಕೆಗೆ ಕೈ ಚಾಚಿದ. ನಾನು ಹಿಂದೆಯೇ ಓಡಿ ಅವನ ಮುಂಗೈ ಹಿಡಿದೆ. ಅವನು ಕೊಸರಿದ. ಎರಡೂ ಕೈಯಿಂದ ಹಿಡಿದು ಕೋಣೆಯೊಳಗೆ ಎಳೆದು ತಂದು ಕೂರಿಸಿದೆ. “ಮರ್ಯಾದಿ ತಗೀಬ್ಯಾಡ್ರಿ ಕಾಕಾ” ಎಂದೆ. ಅವನನ್ನು ಎಳೆಯುವಾಗ ಕಂಡಕ್ಟರ್ ಇನ್ನೂ ನಗುತ್ತಿದ್ದ.

ಆಮೇಲೆ ನೆಲ ವಾಲಿತು. ಕಿಟಕಿಯಲ್ಲಿ ಆಕಾಶವಿದ್ದಲ್ಲಿ ಹುಲ್ಲು ಬಂತು. ನಮ್ಮ ಡಬ್ಬಿ ದಂಡೆಯ ಮೇಲೆ ಮಗುಚಿ ಬಿತ್ತು. ಬಾಗಿಲಿದ್ದ ಆ ತುದಿ ಸೇತುವೆಯ ಕಲ್ಲಿನ ಗೋಡೆಗೆ ಹೋಗಿ ಬಡಿಯಿತು.

ಸದ್ದು ಎಷ್ಟು ಹೊತ್ತಿತ್ತೋ ಗೊತ್ತಿಲ್ಲ. ಅದು ನಿಂತ ಮೇಲೆ ಯಾವುದೋ ಹಕ್ಕಿ ಕೂಗುತ್ತಿತ್ತು. ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದವರು ಓಡಿ ಬಂದು ನಮ್ಮನ್ನು ಕಿಟಕಿಯಿಂದ ಎತ್ತಿದರು. ಕಾಕಾನ ಹಣೆ ಒಡೆದಿತ್ತು, ನನ್ನ ಎಡಗೈ ಮುರಿದಿತ್ತು. ಮಧ್ಯಾಹ್ನದ ಬಿಸಿಲು. ಸತ್ತವರನ್ನು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ ಹೊದಿಕೆ ಹೊದಿಸಿದ್ದರು. ಒಂದು ಹೊದಿಕೆಯ ಅಂಚಿನಲ್ಲಿ ಹಸಿರು ಖಣ ಕಾಣುತ್ತಿತ್ತು. ಅದರ ಪಕ್ಕದ ಹೊದಿಕೆಯ ಮೇಲೆ ಯಾರೋ ಟೋಪಿ ಇಟ್ಟಿದ್ದರು.

ದವಾಖಾನೆ

ತನಿಖೆಯವರು ದುಭಾಷಿಯ ಜೊತೆ ಬಂದರು. ಗಾಲಿಯಲ್ಲಿ ಹಳೆಯ ಸೀಳು ಇತ್ತಂತೆ. ಏನು ಕಂಡಿರಿ ಎಂದು ಕೇಳಿದರು. ಸುತ್ತಿಗೆಯವನು ಮೂರು ಡಬ್ಬಿ ಬಡಿದು ಎರಡನ್ನು ಬಿಟ್ಟದ್ದನ್ನು ಹೇಳಿದೆ. ಅವರು ಬರೆದುಕೊಂಡರು, ತಲೆದೂಗಿದರು, ಕೈಕುಲುಕಿದರು. ನಾಲ್ಕು ದಿನದ ಮೇಲೆ ಅಲ್ಲಿಯ ಪೇಪರಿನಲ್ಲಿ ನೀಲಿ ಬಟ್ಟೆಯ ಆತನ ಫೋಟೋ ಬಂತು. ಇಬ್ಬರು ಪೊಲೀಸರ ನಡುವೆ ತಲೆ ತಗ್ಗಿಸಿ ನಿಂತಿದ್ದ. ಕೆಳಗೆ ಏನು ಬರೆದಿತ್ತೋ ಓದಲು ಬರಲಿಲ್ಲ. ಕಾಕಾನ ಮಾತನ್ನು ನಾನು ಮುಚ್ಚಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ನಾನೂ ಹೇಳಲಿಲ್ಲ.

ಕಾಕಾ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಪಕ್ಕದ ಮಂಚದ ಮೇಲೆ ಕೂತು ಅಂದ: “ನೀವು ಕೈ ಹಿಡದ ಜಗ್ಗದಿದ್ರ ನಾನೂ ಆ ಬಾಗಲದಾಗ ಇರತಿದ್ದೆ. ಗೌರಿಗೆ ಹೇಳ್ತೇನಿ, ಸಾಹೇಬ್ರು ನಿನ್ನ ತಾಳಿ ಉಳಿಸ್ಯಾರ ಅಂತ.”

ಇಳಕಲ್

ಹೇಳಿದ. ಊರೆಲ್ಲ ಹೇಳಿದ. ಈ ವರ್ಷ ಸಂಘದ ಸಭೆಯಲ್ಲಿ ನನಗೆ ಸನ್ಮಾನವೆಂದು ಗೊತ್ತುಮಾಡಿದರು. ಹೊದಿಸುವ ಬಟ್ಟೆಯನ್ನು ಕಾಕಾನೇ ನೇಯುತ್ತೇನೆಂದು ಕೂತಿದ್ದ. ಸಭೆಯ ಹಿಂದಿನ ದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಅವನು ಮಗ್ಗದಲ್ಲಿದ್ದ. ಗೌರವ್ವ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು.

“ಬರ್ರಿ ಸಾಹೇಬ್ರ. ನೀವರೆ ಇವರಿಗೆ ಬುದ್ಧಿ ಹೇಳ್ರಿ. ನೇಯಾಕ ಕುಂತ್ರ ಸಾಕು, ಆ ಟೋಪಿಯವನ್ನ ಬೈಕೋಂತ ನೇಯ್ತಾರ.”

“ಬೈಯದ ಏನ ಮಾಡ್ಲಿ?” ಕಾಕಾ ಲಾಳಿ ನಿಲ್ಲಿಸಲಿಲ್ಲ. “ಎಲ್ಲಾ ನೋಡೇವಿ ಅಂದನಲ್ಲ ಆ ಸುಳ್ಳಬುರಕ. ಆಕಿ ಮುದುಕೀನ ಕೊಂದ, ತಾನೂ ಸತ್ತ. ಅಂವಾ ಅಷ್ಟ ಅನ್ನದಿದ್ರ ನಾ ಐದ ನಿಮಿಷ ಕುಂದರತಿದ್ದಿಲ್ಲ.”

“ಕಾಕಾ, ಅಂವಾ ಹಂಗ ಅನ್ನಲಿಲ್ಲ.”

ಲಾಳಿ ನಿಂತಿತು.

“ಅವಗ ನಾ ಗಾಲಿ ಸುದ್ದೀನ ಹೇಳಲಿಲ್ಲ. ಇವರಿಗೆ ನಿಮ್ಮ ಗಾಡಿ ಹೊಸದು, ಖುಷಿ ಆಗ್ಯಾರ ಅಂತ ಅಂದೆ. ಅದಕ್ಕ ಅಂವಾ ನಕ್ಕ. ಎಲ್ಲಾ ನೋಡೇವಿ ಅನ್ನೂದು ನಂದು. ಹಿಡಕಿ ಮ್ಯಾಲಿಂದ ನಿಮ್ಮ ಕೈ ತಗದದ್ದೂ ಜೀವಾ ಉಳಸಾಕಲ್ಲ. ಮಂದಿ ನೋಡ್ತಾರ ಅಂತ.”

ಗೌರವ್ವನ ರಾಟಿಯೂ ನಿಂತಿತು. ಕಾಕಾ ಮಗ್ಗದ ಮೇಲಿನ ಹಾಸಿನ ಎಳೆಗಳ ಮೇಲೆ ಕೈ ಆಡಿಸಿದ.

“ಅವಗ ಗೊತ್ತ ಇರಲಿಲ್ಲಂದಂಗಾತು” ಎಂದ.

“ಇರಲಿಲ್ಲ.”

“ಗೊತ್ತಿದ್ರ ನಿಂದರಸತಿದ್ನೇನೋ. ಒಳ್ಳೆ ಮನಶಾ ಇದ್ದಂಗ ಕಂಡಿದ್ದ ಮಾರೀಲೆ.” ನನ್ನ ಕಡೆ ತಿರುಗಿ ಅಂದ: “ಮೂರು ವರ್ಷಾತಲ್ಲೋ. ಮೂರು ವರ್ಷ ಸತ್ತವನ್ನ ಬೈದೆನಲ್ಲೋ ನಾನು.”

ಅವನು ನನ್ನನ್ನು ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸಿಟ್ಟಿನಿಂದಲ್ಲ. ನನ್ನ ಬಿರುದು ಅವನ ಬಾಯಿಂದ ತಾನೇ ಬಿದ್ದುಹೋಗಿತ್ತು.

ಗೌರವ್ವ ನನ್ನ ಕಡೆ ನೋಡದೆ ಕೇಳಿದಳು: “ಆ ಅಮ್ಮಗ ಮಕ್ಕಳಿದ್ರೇನು?”

“ಗೊತ್ತಿಲ್ಲ ಗೌರವ್ವಾ.”

“ಹೆಸರು?”

“ಅದೂ ಗೊತ್ತಿಲ್ಲ.”

“ನಿಮಗ ಬರಿಯಾಕ ಬರತೈತಲ್ರಿ. ಎಲ್ಲೆರೆ ಬರೀರಿ” ಎಂದಳು.

ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಸನ್ಮಾನ ಬೇಡವೆಂದು ಸಂಘದವರಿಗೆ ಹೇಳಲು ಹೋಗಬೇಕಿತ್ತು. ಓಣಿಯ ಎರಡೂ ಕಡೆಯ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಕಾಕಾನ ಕಟ್ಟೆಯ ಹತ್ತಿರ ನಿಂತು ನಾನು ಕಿವಿ ಕೊಟ್ಟೆ. ಎಷ್ಟು ಹೊತ್ತಾದರೂ ಅವನ ಲಾಳಿ ಓಡಲಿಲ್ಲ.